ಯಾವ ಶಾಲೆ ಅಂತ ಆಮೇಲೆ ಕೇಳಿ, ಟೀಚರ್ ಎಲ್ಲಿ ಅಂತ ಮೊದಲು ಕೇಳಿ

"ನಿಮ್ಮ ಹುಡುಗನಿಗೆ ವಿಶೇಷ ಶಾಲೆಯೇ ಒಳ್ಳೇದಮ್ಮ. ಇಲ್ಲಿ ಅವನಿಗೇ ಕಷ್ಟ ಆಗುತ್ತೆ."

ಹೋದ ಜೂನ್‌ನಲ್ಲಿ ನನ್ನ ಅಕ್ಕನಿಗೆ ಒಂದು ಶಾಲೆಯಲ್ಲಿ ಹೇಳಿದ ಮಾತಿದು. ಬೈದು ಹೇಳಲಿಲ್ಲ. ಕುರ್ಚಿ ಹಾಕಿ, ನೀರು ಕೊಟ್ಟು ಹೇಳಿದರು. ಮಗನಿಗೆ ಏಳು ವರ್ಷ. ಆಟಿಸಂ ಇದೆ. ಗಂಟೆ ಹೊಡೆದರೆ ಕಿವಿ ಮುಚ್ಚಿಕೊಂಡು ಕಿರುಚುತ್ತಾನೆ. ಹೆಸರು ಕೇಳಿದರೆ ಉತ್ತರ ಕೊಡುವುದಿಲ್ಲ. ಆದರೆ ನಮ್ಮೂರಿಗೆ ಬರುವ ಪ್ರತಿ ಬಸ್ಸಿನ ಬೋರ್ಡ್ ಓದುತ್ತಾನೆ. ಯಾವ ಬಸ್ಸು ಎಷ್ಟು ಗಂಟೆಗೆ ಅಂತ ಬಾಯಿಪಾಠ ಹೇಳುತ್ತಾನೆ.

ವಿಶೇಷ ಶಾಲೆ ಇರುವುದು ಜಿಲ್ಲಾ ಕೇಂದ್ರದಲ್ಲಿ. ಎರಡು ಬಸ್ಸು ಬದಲಿಸಬೇಕು. ಮಗುವನ್ನು ಒಳಗೆ ಬಿಟ್ಟು ಅಕ್ಕ ಸಂಜೆವರೆಗೂ ಗೇಟಿನ ಹೊರಗೆ ಕೂರಬೇಕು. ಅಂದರೆ ಆ ದಿನದ ಕೂಲಿ ಹೋಯಿತು. ಇಲ್ಲದಿದ್ದರೆ ಹಾಸ್ಟೆಲ್‌ಗೆ ಬಿಡಬೇಕು. ಊಟದ ತಟ್ಟೆ ಬದಲಾದರೂ ಅಳುವ ಮಗುವನ್ನು ಹಾಸ್ಟೆಲ್‌ಗೆ ಬಿಡಲು ಯಾವ ತಾಯಿಗೆ ಮನಸ್ಸು ಬರುತ್ತದೆ?

ಇದನ್ನು "ಆಯ್ಕೆ" ಅಂತ ಕರೆಯುತ್ತಾರೆ. ಬೆಂಗಳೂರಿನಲ್ಲಿ ಇರಬಹುದು. ನಮ್ಮ ಕಡೆ ಇದು ಆಯ್ಕೆಯಲ್ಲ, ನಯವಾಗಿ ಸಾಗಹಾಕುವುದು.

ಕಾನೂನು ಏನು ಹೇಳುತ್ತದೆ ನೋಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಯ ಅಂಗವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂ ಇದೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚು ಅಂತ ಪ್ರಮಾಣಪತ್ರ ಇರುವ 6ರಿಂದ 18 ವರ್ಷದ ಮಗುವಿಗೆ ಉಚಿತ ಶಿಕ್ಷಣದ ಹಕ್ಕಿದೆ. ಪಕ್ಕದ ಶಾಲೆಯಲ್ಲಿ ಬೇಕೋ, ವಿಶೇಷ ಶಾಲೆಯಲ್ಲಿ ಬೇಕೋ, ಆಯ್ಕೆ ಮಗುವಿನದು. ಶಾಲೆಯದಲ್ಲ. ಸರ್ಕಾರದ ಹಣ ಪಡೆಯುವ, ಸರ್ಕಾರದ ಮಾನ್ಯತೆ ಇರುವ ಶಾಲೆಗಳು ತಾರತಮ್ಯ ಮಾಡದೆ ಸೇರಿಸಿಕೊಳ್ಳಬೇಕು ಅಂತಲೂ ಅದೇ ಕಾಯ್ದೆ ಹೇಳುತ್ತದೆ.

"ಇರೋದು ಒಬ್ಬರು ಟೀಚರ್, ಮೂರು ಕ್ಲಾಸು. ಇವನನ್ನು ನೋಡಿಕೊಳ್ಳೋದು ಯಾರು?" ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಅದನ್ನು ಕೇಳಬೇಕಾದ್ದು ಇಲಾಖೆಯನ್ನು, ನನ್ನ ಅಕ್ಕನನ್ನಲ್ಲ. ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು, ಅದರ ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಇರಬೇಕು ಅಂತ ಕೇಂದ್ರ ಸರ್ಕಾರ 2022ರಲ್ಲೇ ಅಧಿಸೂಚನೆ ಹೊರಡಿಸಿದೆ. ನಮ್ಮಲ್ಲಿ ಬಿಐಇಆರ್‌ಟಿ ಅಂತ ಕರೆಯುವ ಸಂಪನ್ಮೂಲ ಶಿಕ್ಷಕರಿದ್ದಾರೆ. ಬ್ಲಾಕಿನ ಶಾಲೆಗಳನ್ನೆಲ್ಲ ಅವರೇ ಸುತ್ತಬೇಕು. ನಿಮ್ಮ ಶಾಲೆಗೆ ಅವರು ಕೊನೆಯ ಸಲ ಬಂದಿದ್ದು ಯಾವಾಗ?

ಇನ್ನೊಂದು ಗುಂಪಿನ ಜೊತೆಗೂ ನನ್ನ ಜಗಳವಿದೆ. "ಮಾಮೂಲಿ ಶಾಲೆಗೆ ಹಾಕಿ, ಮಕ್ಕಳ ಜೊತೆ ಬೆರೆತರೆ ಸರಿಹೋಗ್ತಾನೆ" ಅನ್ನುವವರು. ಹಾಜರಿ ಪುಸ್ತಕದಲ್ಲಿ ಹೆಸರು, ಕೊನೇ ಬೆಂಚಿನಲ್ಲಿ ಜಾಗ, ಮಧ್ಯಾಹ್ನ ಬಿಸಿಯೂಟ. ವರ್ಷ ಕಳೆದರೂ ಒಂದಕ್ಷರ ಕಲಿಸದಿದ್ದರೆ ಅದು ಬೆರೆಯುವುದು ಹೇಗಾಗುತ್ತದೆ? ತನ್ನನ್ನೇ ಕಚ್ಚಿಕೊಳ್ಳುವ, ನೀರು ಬೇಕು ಅಂತಲೂ ಹೇಳಲಾಗದ ಮಗುವಿಗೆ ಕೆಲವು ವರ್ಷ ವಿಶೇಷ ಶಾಲೆಯೇ ಬೇಕಾಗಬಹುದು. ಅಲ್ಲಿಗೆ ಕಳಿಸಿದ ತಂದೆ ತಾಯಿ ಸೋತವರಲ್ಲ. ಅವರ ಮೇಲೆ ಬೆರಳು ತೋರಿಸಬೇಡಿ.

ನನ್ನ ವಾದ ಇಷ್ಟೇ. ಮೊದಲ ಬಾಗಿಲು ಊರಿನ ಶಾಲೆಯೇ ಆಗಿರಬೇಕು. ಮಗು ಜಿಲ್ಲಾ ಕೇಂದ್ರಕ್ಕೆ ಅಲೆಯುವ ಬದಲು, ಕಲಿಸುವ ವಿದ್ಯೆ ಗೊತ್ತಿರುವವರು ಊರಿಗೆ ಬರಬೇಕು. ಶುರು ಮಾಡಲು ಬೇಕಾದ್ದು ದೊಡ್ಡ ಖರ್ಚಲ್ಲ. ದಿನದ ಕೆಲಸಗಳನ್ನು ಚಿತ್ರ ಬರೆದು ಗೋಡೆಗೆ ಅಂಟಿಸುವುದು, ಗಂಟೆ ಹೊಡೆಯುವ ಮೊದಲೇ ಹೇಳುವುದು, ಗದ್ದಲವಿಲ್ಲದ ಮೂಲೆಯಲ್ಲಿ ಕೂರಿಸುವುದು, ಒಂದು ಸಲಕ್ಕೆ ಒಂದೇ ಮಾತು ಹೇಳುವುದು. ಇದನ್ನು ತೋರಿಸಿಕೊಡಲು, ಮತ್ತೆ ಮತ್ತೆ ಬಂದು ನೋಡಲು ತರಬೇತಿ ಆದ ಒಬ್ಬರು ಬೇಕು.

ಈಗ ನನ್ನದೇ ತಪ್ಪು ಹೇಳುತ್ತೇನೆ. ಪ್ರತಿ ವರ್ಷ ಡಿಸೆಂಬರ್ 3, ವಿಶ್ವ ಅಂಗವಿಕಲರ ದಿನ. ಗಣ್ಯರು ಮಕ್ಕಳಿಗೆ ಬಾಳೆಹಣ್ಣು ಕೊಡುವ ಫೋಟೋ ನಾನೇ ತೆಗೆದಿದ್ದೇನೆ, ನಾನೇ ಸುದ್ದಿ ಕಳಿಸಿದ್ದೇನೆ. ತಾಲ್ಲೂಕಿನಲ್ಲಿ ಎಷ್ಟು ಸಂಪನ್ಮೂಲ ಶಿಕ್ಷಕರ ಹುದ್ದೆ ಖಾಲಿ ಇವೆ ಅಂತ ಒಂದು ಸಲವೂ ಕೇಳಲಿಲ್ಲ. ನಮ್ಮ ಮನೆಗೇ ಬಂದಾಗ ಕೇಳಿದೆ. ಇದಕ್ಕೆ ನನಗೆ ನಾಚಿಕೆ ಇದೆ.

ನಿಮ್ಮ ಮನೆಯಲ್ಲೋ, ನಿಮ್ಮ ಬೀದಿಯಲ್ಲೋ ಇಂಥ ಮಗು ಇದ್ದರೆ ಹೀಗೆ ಮಾಡಿ. ಸೇರಿಸಿಕೊಳ್ಳಲ್ಲ ಅಂದರೆ "ಕಾರಣ ಬರೆದು ಕೊಡಿ" ಅನ್ನಿ. ಬಿಇಒ ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಯುಡಿಐಡಿ ಕಾರ್ಡ್ ಮಾಡಿಸಿ. ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಸಂಪನ್ಮೂಲ ಶಿಕ್ಷಕರು ನಿಮ್ಮ ಶಾಲೆಗೆ ವರ್ಷದಲ್ಲಿ ಎಷ್ಟು ದಿನ ಬಂದಿದ್ದಾರೆ ಅಂತ ಕೇಳಿ. ಎಸ್‌ಡಿಎಂಸಿ ಸಭೆಯಲ್ಲಿ ಆ ಉತ್ತರ ಓದಿಸಿ.

ಅಕ್ಕ ಬರೆದು ಕೊಡಿ ಅಂದಳು. ಯಾರೂ ಬರೆದು ಕೊಡಲಿಲ್ಲ, ಆದರೆ ಹುಡುಗನನ್ನು ಸೇರಿಸಿಕೊಂಡರು. ಗಂಟೆ ಹೊಡೆಯುವ ಮುಂಚೆ ಅವನ ಕ್ಲಾಸಿನ ಒಬ್ಬ ಹುಡುಗಿ ಬಂದು "ಈಗ ಗಂಟೆ" ಅಂತ ಹೇಳುತ್ತಾಳೆ. ಅವಳಿಗೆ ಯಾರೂ ತರಬೇತಿ ಕೊಟ್ಟಿಲ್ಲ. ತರಬೇತಿ ಆದ ಟೀಚರ್ ಇದುವರೆಗೆ ಎರಡು ಸಲ ಬಂದಿದ್ದಾರೆ. ಮೂರನೇ ಸಲ ಯಾವಾಗ ಅಂತ ಈ ವಾರ ಮತ್ತೆ ಅರ್ಜಿ ಹಾಕುತ್ತಿದ್ದೇವೆ.