ಕಾಲಿಗೆ ತಕ್ಕ ಈಜುರೆಕ್ಕೆ

ಕಾಳಿ ದಂಡೆಯ ದಾಂಡೇಲಿ, ಜೋಯಿಡಾ ಮಕ್ಕಳಿಗಾಗಲಿ, ಕೆರೆಗಳಲ್ಲಿ ಈಜು ಕಲಿತ ಹಳಿಯಾಳ, ಮುಂಡಗೋಡದ ಮಕ್ಕಳಿಗಾಗಲಿ ನೀರು ಹೊಸದಲ್ಲ. ಆದರೆ ಘಟ್ಟ ಇಳಿದು, ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ, ಸ್ಕೂಬಾ ಡೈವಿಂಗ್ ಮಾಡಿ ಬಂದವರ ಉತ್ಸಾಹವೇ ಬೇರೆ. ಮನೆಗೆ ಬಂದೊಡನೆ ‘ನನಗೆ ಫಿನ್ಸ್ ಬೇಕು’ ಎಂಬ ಬೇಡಿಕೆ ಶುರುವಾಗುತ್ತದೆ. ಕಾಲಿಗೆ ತೊಡುವ ಈ ಈಜುರೆಕ್ಕೆಗಳಲ್ಲಿ ಯಾವುದನ್ನು ಕೊಡಿಸುವುದು?

ಇದಕ್ಕೆ ಉತ್ತರ ಬೆಂಜಮಿನ್ ಫ್ರಾಂಕ್ಲಿನ್‌ನ ಬಾಲ್ಯದಲ್ಲೇ ಇದೆ. ಹುಡುಗನಾಗಿದ್ದಾಗ ಆತ ಎರಡು ಮರದ ಹಲಗೆಗಳನ್ನು ಕೈಯಲ್ಲಿ ಹಿಡಿದು ಈಜಿದ್ದ. ವೇಗವೇನೋ ಹೆಚ್ಚಿತು, ಆದರೆ ಮಣಿಕಟ್ಟು ಸೋತಿತು. ಫ್ರಾನ್ಸಿನ ನೌಕಾಧಿಕಾರಿ ಲೂಯಿ ದ ಕೋರ್ಲಿಯೂ 1933ರಲ್ಲಿ ಕಾಲಿನ ಈಜುರೆಕ್ಕೆಗೆ ಪೇಟೆಂಟ್ ಪಡೆದ. ವಸ್ತು ಬದಲಾದರೂ ಲೆಕ್ಕ ಅದೇ: ಹೆಚ್ಚು ನೀರು ತಳ್ಳಬೇಕಾದರೆ ಹೆಚ್ಚು ಶಕ್ತಿ ಬೇಕು.

ಗಟ್ಟಿ ಅಲಗಿನ ಫಿನ್ ಒಂದೇ ಒದೆತಕ್ಕೆ ಹೆಚ್ಚು ನೀರು ತಳ್ಳುತ್ತದೆ. ನೀರಿನ ಸೆಳೆತ ಇರುವಲ್ಲಿ, ಬಲವಾದ ತೊಡೆ ಉಳ್ಳವರಿಗೆ ಅದು ಅನುಕೂಲ. ಎಳೆಯ ಕಾಲಿಗೆ ಅದನ್ನೇ ತೊಡಿಸಿದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ಉಸಿರಾಟ ಜೋರಾಗಿ ಸಿಲಿಂಡರಿನ ಗಾಳಿಯೂ ಬೇಗ ಮುಗಿಯುತ್ತದೆ. ತೀರಾ ಮೆದುವಾದದ್ದು ಬಾಗಿಬಿಡುತ್ತದೆ. ಒದ್ದರೂ ಮುಂದಕ್ಕೆ ಹೋಗುವುದು ಕಡಿಮೆ. ಹೊಸಬರಿಗೆ ಮೆದುವಿನಿಂದ ಮಧ್ಯಮ ಗಟ್ಟಿಯದೇ ಸರಿ. ಅಂಗಡಿಯಲ್ಲಿ ಅಲಗಿನ ತುದಿಯನ್ನು ನೆಲಕ್ಕೆ ಒತ್ತಿ ಎರಡು ಮೂರು ಜೊತೆಗಳನ್ನು ಹೋಲಿಸಿದರೆ ವ್ಯತ್ಯಾಸ ಕೈಗೇ ತಿಳಿಯುತ್ತದೆ.

ಇನ್ನು ತೇಲುವ ಗುಣ. ದಪ್ಪ ರಬ್ಬರಿನ ಫಿನ್ ಸಾಮಾನ್ಯವಾಗಿ ಮುಳುಗುತ್ತದೆ. ಹಗುರ ಪ್ಲಾಸ್ಟಿಕ್ಕಿನ ಕೆಲವು ತೇಲುತ್ತವೆ. ಬಕೆಟ್ ನೀರಿನಲ್ಲಿ ಬಿಟ್ಟರೆ ಗೊತ್ತಾಗುತ್ತದೆ. ಆದರೆ ಸಮುದ್ರದ ನೀರು ಸಿಹಿನೀರಿಗಿಂತ ಸುಮಾರು ಶೇ 2.5ರಷ್ಟು ಭಾರ. ಆರ್ಕಿಮಿಡೀಸನ ನಿಯಮದಂತೆ, 50 ಲೀಟರ್ ನೀರನ್ನು ಪಕ್ಕಕ್ಕೆ ಸರಿಸುವ ದೇಹಕ್ಕೆ ಕಡಲಿನಲ್ಲಿ ಸುಮಾರು ಒಂದೂಕಾಲು ಕಿಲೋ ಹೆಚ್ಚಿನ ಆಸರೆ ಸಿಗುತ್ತದೆ. ಫಿನ್ ಸಣ್ಣದು, ಅದಕ್ಕೆ ಸಿಗುವ ವ್ಯತ್ಯಾಸವೂ ಅಲ್ಪ. ಆದರೂ ಅದು ಕಾಲಿನ ತುದಿಯಲ್ಲಿರುವುದರಿಂದ ತಕ್ಕಡಿ ದಂಡದ ಕೊನೆಯಲ್ಲಿ ಇಟ್ಟ ತೂಕದಂತೆ ಕೆಲಸ ಮಾಡುತ್ತದೆ. ಭಾರದ ಫಿನ್ ಕಾಲನ್ನು ಕೆಳಗೆಳೆದರೆ ದೇಹ ಓರೆಯಾಗಿ ಶ್ರಮ ಹೆಚ್ಚುತ್ತದೆ. ನೇತ್ರಾಣಿಯ ಹವಳಕ್ಕೂ ಏಟು ಬೀಳುತ್ತದೆ. ತೀರಾ ತೇಲುವಂಥದ್ದಾದರೆ ಕಾಲು ಮೇಲೆದ್ದು ತಲೆ ಕೆಳಗಾಗುತ್ತದೆ. ತೊಟ್ಟ ವೆಟ್‌ಸೂಟ್ ಎಷ್ಟು ತೇಲಿಸುತ್ತದೆ ಎಂಬುದನ್ನೂ ಸೇರಿಸಿ, ದೇಹ ಅಡ್ಡಲಾಗಿ ನಿಲ್ಲುವಂತಿರಬೇಕು.

ಅಳತೆಯೂ ಮುಖ್ಯ. ಬಿಗಿಯಾದರೆ ಪಾದ ಜೋಮು ಹಿಡಿಯುತ್ತದೆ, ಸಡಿಲವಾದರೆ ಹಿಮ್ಮಡಿ ಉಜ್ಜಿ ಗಾಯವಾಗುತ್ತದೆ. ಬೆಳೆಯುವ ವಯಸ್ಸಿನ ಪಾದಕ್ಕೆ ದುಬಾರಿ ಜೊತೆ ಕೊಳ್ಳುವ ಅವಸರ ಬೇಡ. ಡೈವಿಂಗ್ ಮಾಡಿಸುವವರೇ ಸಲಕರಣೆ ಕೊಡುತ್ತಾರೆ. ನಾಲ್ಕಾರು ಬಗೆ ತೊಟ್ಟು ನೋಡಿ, ತರಬೇತುದಾರರನ್ನು ಕೇಳಿ, ಆಮೇಲೆ ಕೊಂಡರೆ ಸಾಕು.

ಕೊಂಡ ಮೇಲೆ ಒಂದು ಎಚ್ಚರಿಕೆ ಅಗತ್ಯ. ಹೊಸ ಫಿನ್ ಪರೀಕ್ಷಿಸಲು ಮಕ್ಕಳು ಕಾಳಿಗೆ ಇಳಿಯಕೂಡದು. ದಾಂಡೇಲಿಯ ಹರಿವಿನಲ್ಲಿ ಮೊಸಳೆಗಳಿವೆ. ಸೂಪಾ ಅಣೆಕಟ್ಟೆಯ ವಿದ್ಯುದಾಗಾರದಿಂದ ನೀರು ಬಿಟ್ಟಾಗ ಹೊಳೆ ಏರುತ್ತದೆ. ಈಜುಕೊಳ, ಜೊತೆಗೆ ಬಲ್ಲವರು, ಇವೆರಡೂ ಇರಲೇಬೇಕು. ಈಜುರೆಕ್ಕೆ ಈಜನ್ನು ಕಲಿಸುವುದಿಲ್ಲ, ಕಲಿತ ಈಜಿಗೆ ಬಲ ಕೊಡುತ್ತದೆ ಅಷ್ಟೆ.