ಕ್ಯಾಥರೀನಾಳ ಕೊನೆಯ ಮಾತು

ಶೇಕ್ಸ್‌ಪಿಯರನ ‘ಟೇಮಿಂಗ್ ಆಫ್ ದಿ ಶ್ರೂ’ ನಾಟಕದ ಕೊನೆಯಲ್ಲಿ ಕ್ಯಾಥರೀನಾ ಉದ್ದನೆಯ ಮಾತೊಂದನ್ನು ಆಡುತ್ತಾಳೆ. ಗಂಡನೇ ಒಡೆಯ, ಅವನ ಪಾದದಡಿ ಕೈಯಿಡಲೂ ತಾನು ಸಿದ್ಧ ಎನ್ನುತ್ತಾಳೆ. ಯಾರಿಗೂ ಬಗ್ಗದಿದ್ದವಳು ಗಂಡನ ಮನೆಯಲ್ಲಿ ಊಟವಿಲ್ಲದೆ, ನಿದ್ದೆಯಿಲ್ಲದೆ ಹಣ್ಣಾದ ಮೇಲೆ ಆಡುವ ಮಾತದು. ಹಳೆಯ ನಾಟಕವನ್ನು ತೆರೆಗೆ ತರುವವರ ಕಾಲ ಏನನ್ನು ನಂಬುತ್ತದೆ, ಯಾವುದಕ್ಕೆ ನಾಚುತ್ತದೆ ಎಂದು ತಿಳಿಯಲು ನನಗೆ ಈ ಒಂದು ದೃಶ್ಯ ಸಾಕು.

1929ರ ಅಮೆರಿಕನ್ ಚಿತ್ರದಲ್ಲಿ ಮೇರಿ ಪಿಕ್‌ಫರ್ಡ್ ಅವರ ಕ್ಯಾಥರೀನಾ ಈ ಮಾತು ಒಪ್ಪಿಸುತ್ತಲೇ ತಂಗಿಯ ಕಡೆ ತಿರುಗಿ ಕಣ್ಣು ಮಿಟುಕಿಸುತ್ತಾಳೆ. ಅರೆಗಳಿಗೆಯ ಆ ಕಣ್ಸನ್ನೆಗೆ ಇಡೀ ಭಾಷಣ ತಲೆಕೆಳಗಾಗುತ್ತದೆ. 1920ರ ಸಂವಿಧಾನ ತಿದ್ದುಪಡಿ ಅಲ್ಲಿನ ಹೆಂಗಸರಿಗೆ ಮತದ ಹಕ್ಕು ಕೊಟ್ಟಾಗಿತ್ತು. ಪಿಕ್‌ಫರ್ಡ್ ಸ್ವತಃ ಯುನೈಟೆಡ್ ಆರ್ಟಿಸ್ಟ್ಸ್ ಸಂಸ್ಥೆ ಕಟ್ಟಿದವರಲ್ಲಿ ಒಬ್ಬರು. ಅವರ ಬಾಯಲ್ಲಿ ಆ ಮಾತನ್ನು ಯಾರು ತಾನೇ ನಂಬುತ್ತಿದ್ದರು? 1967ರ ಜೆಫಿರೆಲ್ಲಿ ಚಿತ್ರದಲ್ಲಿ ಎಲಿಜಬೆತ್ ಟೇಲರ್ ಅದನ್ನು ಮನಸಾರೆ ಆಡುತ್ತಾರೆ, ಆಮೇಲೆ ಹೊರಟೇ ಹೋಗುತ್ತಾರೆ; ಗೆದ್ದ ಗಂಡ ಹಿಂದೆ ಓಡಬೇಕಾಗುತ್ತದೆ. ಇದೇ ನಾಟಕವನ್ನು ಆಧರಿಸಿದ 1999ರ ‘ಟೆನ್ ಥಿಂಗ್ಸ್ ಐ ಹೇಟ್ ಅಬೌಟ್ ಯೂ’ ಚಿತ್ರದ ಹೊತ್ತಿಗೆ ಆ ಮಾತೇ ಮಾಯ.

ನಾಟಕವನ್ನು ಇದ್ದ ಹಾಗೇ ತೆಗೆಯಬೇಕು ಎನ್ನುವವರಿದ್ದಾರೆ. ಇದ್ದ ಹಾಗೆ ಎಂದರೆ ಹೇಗೆ? ಮೂಲದಲ್ಲಿ ಈ ಇಡೀ ಕಥೆ, ಸ್ಲೈ ಎಂಬ ಕುಡುಕನನ್ನು ಮರುಳು ಮಾಡಲು ಆಡಿಸಿದ ಆಟ. 1929, 1967ರ ಚಿತ್ರಗಳೆರಡೂ ಆ ಕುಡುಕನನ್ನು ಕೈಬಿಟ್ಟವು. ಅವನು ಹೋದರೆ ಆಟ ನೀತಿಪಾಠವಾಗುತ್ತದೆ. ಆ ಪಾಠ ನಮಗೆ ಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವುದು ಕ್ಯಾಮೆರಾ ಹಿಂದೆ ನಿಂತವರೇ.

ನಮ್ಮಲ್ಲಿ ಪರ್ವತವಾಣಿಯವರು ಇದನ್ನು ‘ಬಹದ್ದೂರ್ ಗಂಡ’ ಎಂದು ಕನ್ನಡಕ್ಕೆ ಒಗ್ಗಿಸಿದರು. ಅದು 1989ರಲ್ಲಿ ‘ನಂಜುಂಡಿ ಕಲ್ಯಾಣ’ವಾಗಿ ಥಿಯೇಟರುಗಳನ್ನು ತುಂಬಿಸಿತು. ಸೊಕ್ಕಿನ ಹುಡುಗಿಯನ್ನು ಪಳಗಿಸುವುದೇ ಕಥೆ. ಗಂಡನಿಗೆ ತಗ್ಗಿದರೇ ಸಂಸಾರ ಎಂಬುದನ್ನು ನಾವೆಲ್ಲ ನಗುನಗುತ್ತಾ ಒಪ್ಪಿದೆವು. ಆ ನಗುವನ್ನು ನೆನೆದರೆ ಇವತ್ತು ನನಗೆ ಕಸಿವಿಸಿಯಾಗುತ್ತದೆ. ಆದರೂ ಆ ಚಿತ್ರದಿಂದ ಮನೆಮಾತಾದದ್ದು ನಾಯಕಿ ಮಾಲಾಶ್ರೀಯವರ ಸಿಡುಕು, ಗತ್ತು. ಮುಂದೆ 2004ರ ‘ದುರ್ಗಿ’ಯಂಥ ಚಿತ್ರಗಳಲ್ಲಿ ಅವರು ಹೊಡೆದಾಡುವ ನಾಯಕಿಯಾದರು. ಕಥೆ ಪಳಗಿಸಿದ್ದನ್ನು ಪ್ರೇಕ್ಷಕರು ಪಳಗದಂತೆ ಉಳಿಸಿಕೊಂಡರು.

ಈ ನಾಟಕವನ್ನು ಮತ್ತೆ ಕನ್ನಡದಲ್ಲಿ ತೆಗೆಯುವವರಲ್ಲಿ ನನ್ನದೊಂದು ವಿನಂತಿ: ಕೊನೆಯ ದೃಶ್ಯವನ್ನೇ ಮೊದಲು ಬರೆಯಿರಿ, ಆ ಮಾತು ಆಡಬೇಕಾದ ನಟಿಯನ್ನು ಎದುರಿಗೆ ಕೂರಿಸಿಕೊಂಡು ಬರೆಯಿರಿ.