ಗೃಹಸ್ಥರೊಡನೆ ನಾಲ್ಕು ಮಾತು: ಕಾರಿನೊಳಗೆ ಉಳಿದ ಬೀಗದಕೈ

ಬಾಗಿಲನ್ನು ಭದ್ರಪಡಿಸುವ ಸಾಧನಗಳಿಗೆ ಸಂಸ್ಕೃತದಲ್ಲಿ ಹೆಸರುಗಳ ಬಡತನವಿಲ್ಲ. ಒಳಗಿನಿಂದ ಇಕ್ಕುವ ಅಗುಳಿ ಅರ್ಗಲ. ಹೊರಗಿನ ಬೀಗ ತಾಲಕ. ಅದನ್ನು ತೆರೆಯುವ ಬಾಗಿದ ಕಡ್ಡಿ ಕುಂಚಿಕೆ. ನಮ್ಮ ನೆರೆಹೊರೆಯ ಕೊಂಕಣಿಗರು ಪೋರ್ತುಗೀಜರ ನುಡಿಯಿಂದ ಬಂದ ಚಾವಿಯೆಂಬ ಮಾತನ್ನು ಬಳಸುತ್ತಾರೆ. ಕನ್ನಡದಲ್ಲಾದರೋ ಅದಕ್ಕೆ ಬೀಗದಕೈ ಎಂದು ಹೆಸರು. ತೆರೆಯುವುದಕ್ಕೂ ಮುಚ್ಚುವುದಕ್ಕೂ ಬೀಗಕ್ಕೆ ಒಂದು ಕೈ ಬೇಕೆಂದು ಅನುಭವದಿಂದ ಬಲ್ಲವರು ಇಟ್ಟ ಹೆಸರಿದು ಎಂದು ನಮಗೆ ತೋರುತ್ತದೆ.

ಹಳೆಯ ಮನೆಗಳ ಸಂದೂಕಕ್ಕೂ ಉಗ್ರಾಣಕ್ಕೂ ಹಾಕುತ್ತಿದ್ದ ತೂಕದ ಬೀಗಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅವುಗಳಲ್ಲಿ ಹೆಚ್ಚಿನವನ್ನು ಹಾಕುವುದಕ್ಕೂ ಬೀಗದಕೈಯನ್ನು ತಿರುಗಿಸಲೇಬೇಕಾಗಿತ್ತು. ಆದಕಾರಣ ಕೈಯನ್ನು ಒಳಗಿಟ್ಟು ಬೀಗವನ್ನು ಹೊರಗೆ ಹಾಕುವುದು ಊರಿಗೇ ಹೆಸರಾದ ಮರೆಗುಳಿಗೂ ಸಾಧ್ಯವಿರಲಿಲ್ಲ. ಒತ್ತಿದೊಡನೆ ತಾನಾಗಿ ಕಚ್ಚಿಕೊಳ್ಳುವ ಬೀಗ ಬಂದ ಮೇಲೆ ಈ ಕಷ್ಟ ಹುಟ್ಟಿತು. ಕಾರಿನ ಬಾಗಿಲು ಈ ಎರಡನೆಯ ಜಾತಿಗೆ ಸೇರಿದ್ದು. ಬೀಗದಕೈ ಒಳಗೆ, ಒಡೆಯ ಹೊರಗೆ, ನಡುವೆ ಒಂದು ಗಾಜು. ಈ ಅವಸ್ಥೆಯನ್ನು ಉಡುಪಿಯ ವಾಹನ ನಿಲುಗಡೆಗಳಲ್ಲಿಯೂ ಕಾಪುವಿನ ಕಡಲತಡಿಯಲ್ಲಿಯೂ ನಾವು ಆಗಾಗ ಕಾಣುತ್ತೇವೆ. ಸುತ್ತಲೂ ಹತ್ತು ಮಂದಿ ನೆರೆದು ಹನ್ನೊಂದು ಸಲಹೆ ಕೊಡುವುದನ್ನೂ ಕಾಣುತ್ತೇವೆ. ಈ ಸಲ ಅದರ ವಿಚಾರವಾಗಿ ಬರೆಯಬೇಕೆಂದಿದ್ದೇವೆ.

ಇದು ಮರೆಗುಳಿಗಳ ಪಾಡೆಂದು ತಳ್ಳಿಹಾಕುವುದು ಸುಲಭ. ಆದರೆ ಮನುಷ್ಯನು ಇದ್ದುದನ್ನು ಕಳಚಿಡಬೇಕಾದ ಸ್ಥಳಗಳಲ್ಲಿ, ಎರಡು ಕೈಗಳಿಗೂ ಬೇರೆ ಕೆಲಸ ಬಿದ್ದ ಹೊತ್ತಿನಲ್ಲಿ, ಇದು ಹೆಚ್ಚಾಗಿ ಸಂಭವಿಸುತ್ತದೆಂಬುದನ್ನು ವಾಚಕರು ಗಮನಿಸಬೇಕು. ಉಡುಪಿಯ ಶ್ರೀಕೃಷ್ಣಮಠವನ್ನು ಪ್ರವೇಶಿಸುವ ಗಂಡಸರು ಅಂಗಿಯನ್ನು ಕಳಚಬೇಕಷ್ಟೆ. ದೂರದಿಂದ ಬಂದವರು ಕಾರಿನಲ್ಲಿಯೇ ಅಂಗಿ ತೆಗೆದು, ಪಂಚೆಯುಟ್ಟು, ಶಾಲು ಹೊದೆದು ಇಳಿಯುತ್ತಾರೆ. ಬೀಗದಕೈ ಅಂಗಿಯ ಜೇಬಿನಲ್ಲಿ ಉಳಿಯುತ್ತದೆ, ಅಂಗಿ ಹಿಂದಿನ ಆಸನದ ಮೇಲೆ ಉಳಿಯುತ್ತದೆ, ಪಂಚೆಗೆ ಜೇಬಿಲ್ಲ. ಎರಡು ವರ್ಷಕ್ಕೊಮ್ಮೆ ಜನವರಿ ೧೮ರಂದು ನಡೆಯುವ ಪರ್ಯಾಯದ ಕಾಲದಲ್ಲಂತೂ ವಾಹನಗಳನ್ನು ರಥಬೀದಿಯಿಂದ ಬಹುದೂರ ನಿಲ್ಲಿಸಬೇಕಾಗುತ್ತದೆ. ರಾತ್ರಿಯಿಡೀ ನಿದ್ದೆಗೆಟ್ಟು, ಮೆರವಣಿಗೆ ಕಂಡು, ಬೆಳಗ್ಗೆ ಕಾರಿನ ಬಳಿಗೆ ಬಂದು ಸೊಂಟ ತಡವಿಕೊಂಡಾಗಲೇ ಸಂಗತಿ ತಿಳಿಯುವುದು. ಪಂಚೆಯ ಮೇಲೆ ಬಿಗಿಯುವ ಜೇಬುಳ್ಳ ಸೊಂಟಪಟ್ಟಿಯನ್ನು ನಮ್ಮ ಹಿರಿಯರು ಬಳಸುತ್ತಿದ್ದರು. ಈಗಿನ ತರುಣರು ಅದನ್ನು ಕಂಡು ನಗುತ್ತಾರೆ. ನಗಲಿ, ಅದರಲ್ಲಿಟ್ಟ ವಸ್ತು ಮೈಬಿಟ್ಟು ಹೋಗುತ್ತಿರಲಿಲ್ಲ.

ಕಾಪುವಿನ ಪರಿ ಬೇರೆ. ೧೯೦೧ರಲ್ಲಿ ಕಟ್ಟಿದ ಅಲ್ಲಿಯ ದೀಪಸ್ತಂಭವನ್ನು ನೋಡಲು ಬಂದವರು ನೀರಿಗಿಳಿಯದೆ ಹಿಂದಿರುಗುವುದು ಅಪರೂಪ. ಇಂದಿನ ಬೀಗದಕೈಯಲ್ಲಿ ವಿದ್ಯುದ್ಯಂತ್ರವಿರುವುದರಿಂದ ಉಪ್ಪುನೀರು ತಗುಲಿದರೆ ಕೆಡುತ್ತದೆಂಬ ಭಯ ನ್ಯಾಯವಾದದ್ದೇ. ಆ ಭಯದಿಂದ ಅದನ್ನು ಡಿಕ್ಕಿಯೊಳಗಿನ ಬಟ್ಟೆಗಂಟಿನಲ್ಲಿಟ್ಟು ಡಿಕ್ಕಿಯನ್ನು ಮುಚ್ಚುತ್ತಾರೆ. ಮನೆಮಂದಿಯಲ್ಲಿ ಒಬ್ಬರನ್ನು ಮರಳಿನ ಮೇಲೆ ಕೂರಿಸಿ ಅವರ ಕೈಗೆ ಕೊಟ್ಟು ಹೋಗುವುದೇ ಮೇಲು. ಅಜ್ಜಿಯಂದಿರು ಈ ಕಾರ್ಯಕ್ಕೆ ಅತ್ಯಂತ ಯೋಗ್ಯರು. ಕಾರ್ಕಳದಲ್ಲಿ ೧೪೩೨ರಲ್ಲಿ ಪ್ರತಿಷ್ಠಿತನಾದ ಗೊಮ್ಮಟನ ದರ್ಶನಕ್ಕೆ ಹೋಗುವವರು ಪಾದರಕ್ಷೆಗಳನ್ನು ಕಾರಿನೊಳಗಿಡಲು ಬಗ್ಗಿದಾಗ ಬೀಗದಕೈಯನ್ನೂ ಅವುಗಳ ಬದಿಯಲ್ಲಿ ಇಟ್ಟುಬಿಡುವುದುಂಟು. ಮಣಿಪಾಲದಲ್ಲಿ ರೋಗಿಯನ್ನು ಆಸ್ಪತ್ರೆಯ ಬಾಗಿಲಲ್ಲಿ ಇಳಿಸುವವನ ಎರಡು ಕೈಗಳೂ ರೋಗಿಯ ತೋಳಿನ ಮೇಲಿರುತ್ತವೆ. ಅವನನ್ನು ಯಾರೂ ಆಕ್ಷೇಪಿಸಲಾರರು. ಇನ್ನು ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ಜಿಲ್ಲೆಯ ಎಲ್ಲ ಕಡೆಯೂ ಒಂದೇ ಕಥೆ. ಬಾಗಿಲು ತೆರೆದೊಡನೆ ಮಳೆ ಒಳಗೆ ನುಗ್ಗುತ್ತದೆ. ಕೊಡೆ ಬಿಡಿಸಲು ಎರಡು ಕೈ ಬೇಕು. ಕೈಯಲ್ಲಿದ್ದುದು ಆಸನಕ್ಕೆ ಹೋಗುತ್ತದೆ. ಮೊಣಕೈಯಿಂದ ಬಾಗಿಲನ್ನು ತಳ್ಳಿ ಓಡುವುದಾಗುತ್ತದೆ.

ಬೀಗದ ರಚನೆಯನ್ನು ಸ್ವಲ್ಪ ತಿಳಿದುಕೊಂಡರೆ ಎಚ್ಚರ ಎಲ್ಲಿ ಬೇಕೆಂಬುದು ತಾನಾಗಿ ಗೋಚರವಾಗುತ್ತದೆ. ೧೯೮೩ರ ಡಿಸೆಂಬರಿನಲ್ಲಿ ಮಾರುತಿ ೮೦೦ ಬಂದ ಮೇಲೆ ನಮ್ಮಂಥ ಸಾಮಾನ್ಯ ಗೃಹಸ್ಥರ ಅಂಗಳಕ್ಕೂ ಕಾರು ಬಂತು. ಆ ಕಾಲದ ಅನೇಕ ಕಾರುಗಳಲ್ಲಿ ಒಳಗಿನ ಗುಬ್ಬಿಯನ್ನು ಒತ್ತಿ, ಹೊರಗಿನ ಹಿಡಿಯನ್ನು ಎತ್ತಿಹಿಡಿದು ಬಾಗಿಲು ಮುಚ್ಚಿದರೆ ಬೀಗ ಬೀಳುತ್ತಿತ್ತು. ಅದು ಕೈಚಳಕದ ಕೆಲಸವೆಂದು ಎಲ್ಲರೂ ಕಲಿತರು; ಬೀಗದಕೈಯನ್ನು ಒಳಗೆ ಬಿಡುವುದನ್ನೂ ಅದರ ಜೊತೆಯಲ್ಲಿಯೇ ಕಲಿತರು. ಆಮೇಲೆ ಗುಂಡಿಯೊತ್ತುವ ರಿಮೋಟು ಬಂತು. ಇದರಲ್ಲಿ ಹೆಚ್ಚಿನವರು ಅರಿಯದ ಒಂದು ಗುಣವುಂಟು. ಬೀಗ ತೆರೆಯುವ ಗುಂಡಿಯನ್ನೊತ್ತಿ ಯಾವ ಬಾಗಿಲನ್ನೂ ತೆರೆಯದೆ ಬಿಟ್ಟರೆ ಅನೇಕ ಕಾರುಗಳು ಸುಮಾರು ಅರ್ಧ ನಿಮಿಷದಲ್ಲಿ ತಾವಾಗಿಯೇ ಮತ್ತೆ ಬೀಗ ಹಾಕಿಕೊಳ್ಳುತ್ತವೆ. ಕಳ್ಳರಿಂದ ರಕ್ಷಿಸಲು ಮಾಡಿದ ಏರ್ಪಾಡು ಇದು. ಡಿಕ್ಕಿಯನ್ನು ಮಾತ್ರ ತೆರೆದು, ತರಕಾರಿಚೀಲದೊಡನೆ ಬೀಗದಕೈಯನ್ನೂ ಅಲ್ಲಿಟ್ಟು, ಚೀಲಗಳನ್ನು ಹೊಂದಿಸುತ್ತಿರುವಷ್ಟರಲ್ಲಿ ಕೆಲವು ಕಾರುಗಳ ಉಳಿದ ನಾಲ್ಕು ಬಾಗಿಲುಗಳೂ ಸದ್ದಿಲ್ಲದೆ ಬಿಗಿದುಕೊಂಡಿರುತ್ತವೆ.

ಈಚಿನ ಕಾರುಗಳಲ್ಲಿ ಬೀಗದಕೈಯನ್ನು ಜೇಬಿನಿಂದ ತೆಗೆಯಲೇಬೇಕಾಗಿಲ್ಲ. ಅದು ಸಮೀಪದಲ್ಲಿದ್ದರೆ ಸಾಕು, ಕಾರಿಗೆ ತಿಳಿಯುತ್ತದೆ. ಒಳಗೆ ಮರೆತು ಬಾಗಿಲು ಮುಚ್ಚಿದರೆ ಸಾಮಾನ್ಯವಾಗಿ ಬೀಗ ಬೀಳದು. ಕಾರು ಕೂಗಿ ಎಚ್ಚರಿಸುತ್ತದೆ. ಇದನ್ನು ನಂಬಿ ನಿಶ್ಚಿಂತರಾದವರನ್ನು ನಾವು ಬಲ್ಲೆವು. ಆದರೆ ಅದರೊಳಗಿನ ಬಿಲ್ಲೆಯಂಥ ಬ್ಯಾಟರಿ ಬಲಗುಂದಿದ್ದರೆ, ಅಥವಾ ಕೈ ಲೋಹದ ಡಬ್ಬಿಯೊಳಗೋ ಡಿಕ್ಕಿಯ ಮೂಲೆಯಲ್ಲೋ ಬಿದ್ದಿದ್ದರೆ, ಅದರ ಸಂಜ್ಞೆ ಕಾರಿಗೆ ಮುಟ್ಟದಿರಬಹುದು. ಬ್ಯಾಟರಿ ಸತ್ತರೂ ತೆರೆಯಲೆಂದು ಇಂಥ ಬೀಗದಕೈಗಳಲ್ಲಿ ಹೆಚ್ಚಿನವುಗಳ ಹೊಟ್ಟೆಯಲ್ಲಿ ಒಂದು ಲೋಹದ ಅಲಗನ್ನು ಅಡಗಿಸಿಟ್ಟಿರುತ್ತಾರೆ. ಕಾರು ಕೊಂಡು ಐದು ವರ್ಷವಾದರೂ ಅದನ್ನು ಒಮ್ಮೆಯೂ ಹೊರಗೆಳೆದು ನೋಡದ ಒಡೆಯರು ಎಷ್ಟು ಮಂದಿಯಿಲ್ಲ!

ಇಷ್ಟೆಲ್ಲ ರಚನೆಗಳಿಗೂ ನಾವು ಕಂಡುಕೊಂಡ ಉಪಾಯ ಒಂದೇ. ಅದು ಹಳೆಯ ಬೀಗವೇ ಕಲಿಸಿದ್ದು. ಒಳಗಿನ ಗುಂಡಿಯಿಂದ ಬೀಗ ಹಾಕಿ ಇಳಿಯುವ ಅಭ್ಯಾಸವನ್ನು ಬಿಡತಕ್ಕದ್ದು. ಎಲ್ಲರೂ ಇಳಿದ ಮೇಲೆ, ಬಾಗಿಲುಗಳನ್ನೆಲ್ಲ ಮುಚ್ಚಿದ ಮೇಲೆ, ಬೀಗದಕೈಯನ್ನು ಕೈಯಲ್ಲಿ ಹಿಡಿದು ಹೊರಗಿನಿಂದಲೇ ಬೀಗ ಹಾಕತಕ್ಕದ್ದು. ಹಾಗೆ ಮಾಡುವವನ ಬೀಗದಕೈ ಒಳಗೆ ಉಳಿಯಲು ದಾರಿಯಿಲ್ಲ. ಡಿಕ್ಕಿಯನ್ನು ತೆರೆಯುವಾಗ ಅದನ್ನು ಕೆಳಗಿಡದೆ ಬೆರಳಿಗೆ ಸಿಕ್ಕಿಸಿಕೊಳ್ಳಬೇಕು. ಅದಕ್ಕಾಗಿಯೇ ಬಳೆಯುಳ್ಳ ಸರವನ್ನು ಕಟ್ಟಿಕೊಳ್ಳುವುದು ಒಳ್ಳೆಯದು. ಮನೆಯ ಮುಂದಿನ ಗೇಟು ತೆರೆಯಲು ಎಂಜಿನನ್ನು ಓಡುತ್ತಿರುವಂತೆಯೇ ಬಿಟ್ಟು ಇಳಿಯುವ ರೂಢಿಯೂ ಕೆಟ್ಟದ್ದು. ಚಾಲಕನ ಆಸನದಲ್ಲಿ ಅರ್ಹನೊಬ್ಬನಿಲ್ಲದೆ, ಎಂಜಿನನ್ನು ನಿಲ್ಲಿಸದೆ ಸಾರ್ವಜನಿಕ ಸ್ಥಳದಲ್ಲಿ ವಾಹನವನ್ನು ಬಿಡಬಾರದೆಂದು ೧೯೮೮ರ ಮೋಟಾರು ವಾಹನಗಳ ಕಾಯಿದೆಯೂ ವಿಧಿಸುತ್ತದೆ.

ಬೀಗದಕೈ ಮಾತ್ರ ಒಳಗಿದ್ದರೆ ನಷ್ಟವಾಗುವುದು ಒಂದಿಷ್ಟು ಹೊತ್ತು, ಒಂದಿಷ್ಟು ಹಣ. ಅದರೊಡನೆ ಮಗುವೂ ಒಳಗಿದ್ದರೆ ಮಾತೇ ಬೇರೆ. ಇದನ್ನು ಬರೆಯಲು ನಮ್ಮನ್ನು ಮುಖ್ಯವಾಗಿ ಪ್ರೇರಿಸಿದ್ದು ಈ ಸಂಗತಿ. ಅಳುವ ಕೂಸಿನ ಕೈಗೆ ಝಣಝಣಿಸುವ ಬೀಗದಕೈಯನ್ನು ಆಟಿಕೆಯಾಗಿ ಕೊಡುವುದು ತಾಯಂದಿರಲ್ಲಿಯೂ ಅಜ್ಜಂದಿರಲ್ಲಿಯೂ ರೂಢಿಯಾಗಿದೆ. ಕೂಸನ್ನು ಆಸನದಲ್ಲಿ ಕೂರಿಸಿ, ಪಟ್ಟಿ ಬಿಗಿದು, ಬಾಗಿಲು ಮುಚ್ಚಿ, ತಾಯಿ ಆಚೆ ಬದಿಗೆ ಸುತ್ತಿ ಬರುವಷ್ಟರಲ್ಲಿ ಕೂಸಿನ ಬೆರಳು ಗುಂಡಿಯನ್ನೊತ್ತಿರುತ್ತದೆ. ನಾಲ್ಕೂ ಬಾಗಿಲುಗಳು ಒಮ್ಮೆಲೇ ಬಿಗಿಯುತ್ತವೆ. ಹೊರಗೆ ೩೨ ಡಿಗ್ರಿ ಸೆಲ್ಸಿಯಸ್ ಇರುವ ದಿನ ನಮಗೆ ವಿಶೇಷವೆನಿಸುವುದಿಲ್ಲ. ಆದರೆ ಬಿಸಿಲಿನಲ್ಲಿ ನಿಂತ ಮುಚ್ಚಿದ ಕಾರಿನೊಳಗೆ ಹತ್ತು ನಿಮಿಷದಲ್ಲಿ ಸುಮಾರು ೧೦ ಡಿಗ್ರಿಯೂ ಅರ್ಧ ಗಂಟೆಯಲ್ಲಿ ಸುಮಾರು ೧೯ ಡಿಗ್ರಿಯೂ ಕಾವು ಏರಬಹುದೆಂದು ಅಳೆದು ಕಂಡಿದ್ದಾರೆ. ಗಾಜನ್ನು ಎರಡು ಬೆರಳಿನಷ್ಟು ಇಳಿಸಿಟ್ಟರೂ ಹೆಚ್ಚು ಪ್ರಯೋಜನವಿಲ್ಲ. ಶಿಶುವಿನ ಮೈ ದೊಡ್ಡವರ ಮೈಗಿಂತ ಬಹುಬೇಗ ಕಾಯುತ್ತದೆ. ಆದುದರಿಂದ ಬೀಗದಕೈ ಆಟಿಕೆಯಲ್ಲ; ಮನೆಯೊಳಗೂ ಅಲ್ಲ, ಏಕೆಂದರೆ ಮನೆಯಲ್ಲಿ ಆಡಿದ್ದನ್ನು ಮಗು ಕಾರಿನಲ್ಲಿಯೂ ಕೇಳುತ್ತದೆ.

ಇಂಥ ಸಮಯದಲ್ಲಿ ಎರಡನೆಯ ಬೀಗದಕೈ ಬರಲೆಂದು ಕಾಯುತ್ತ ಕೂರುವುದು ತರವಲ್ಲ. ಕೂಡಲೆ ೧೧೨ಕ್ಕೆ ಕರೆಮಾಡಬೇಕು. ಮಗು ಸ್ವಲ್ಪ ದೊಡ್ಡದಾಗಿ, ಪಟ್ಟಿಯಿಂದ ಬಿಡಿಸಿಕೊಳ್ಳಬಲ್ಲದಾದರೆ, ಗಾಜಿನ ಹೊರಗಿನಿಂದ ನಗುಮೊಗದಿಂದ ಮುಂದಿನ ಬಾಗಿಲಿನ ಹಿಡಿಯನ್ನು ತೋರಿಸಿ ಎಳೆಯಹೇಳಬೇಕು. ಹಿಂದಿನ ಬಾಗಿಲುಗಳಿಗೆ ಮಕ್ಕಳ ತಡೆ ಹಾಕಿದ್ದರೆ ಅವು ಒಳಗಿನಿಂದ ತೆರೆಯವು. ಮಗು ಬೆವತು ಬಾಡಿದಂತೆ ಕಂಡರೆ, ಮಂಕಾದರೆ, ಗಾಜು ಒಡೆಯಲು ಅನುಮಾನಿಸಬಾರದು. ಎದುರಿನ ದೊಡ್ಡ ಗಾಜನ್ನು ಮುಟ್ಟಬೇಡಿರಿ. ಅದು ಎರಡು ಪದರಗಳ ನಡುವೆ ಹಾಳೆಯಿಟ್ಟು ಅಂಟಿಸಿದ್ದು. ಬಿರಿಯುತ್ತದೆಯೇ ಹೊರತು ದಾರಿ ಬಿಡದು. ಬದಿಯ ಗಾಜುಗಳು ಸಾಮಾನ್ಯವಾಗಿ ಕಾಯಿಸಿ ಹದಮಾಡಿದಂಥವು. ಮೊನೆಯುಳ್ಳ ಗಟ್ಟಿ ವಸ್ತುವಿನಿಂದ ಮೂಲೆಯ ಹತ್ತಿರ ಹೊಡೆದರೆ ಸಣ್ಣಸಣ್ಣ ಹರಳುಗಳಾಗಿ ಉದುರುತ್ತವೆ. ನಡುಮಧ್ಯಕ್ಕೆ ಹೊಡೆದ ಕಲ್ಲು ಪುಟಿದು ಬರುವುದೇ ಹೆಚ್ಚು. ಮಗುವಿನಿಂದ ಅತ್ಯಂತ ದೂರದ ಗಾಜನ್ನು ಆರಿಸಿ, ಕೈಗೆ ಬಟ್ಟೆ ಸುತ್ತಿ, ಮುಖ ತಿರುಗಿಸಿ ಹೊಡೆಯಬೇಕು. ಗಾಜಿನ ಬೆಲೆಯನ್ನು ಆಗ ಲೆಕ್ಕಹಾಕುವ ಹಿರಿಯರೊಬ್ಬರು ಪಕ್ಕದಲ್ಲಿ ಇದ್ದೇ ಇರುತ್ತಾರೆ. ಅವರ ಮಾತಿಗೆ ಕಿವಿಗೊಡಬೇಕಾಗಿಲ್ಲ.

ಒಳಗೆ ಯಾರೂ ಇಲ್ಲದಿದ್ದರೆ ಅವಸರ ಬೇಡ. ಮೊದಲು ಡಿಕ್ಕಿಯೂ ಸೇರಿ ಎಲ್ಲ ಬಾಗಿಲುಗಳನ್ನೂ ಒಮ್ಮೆ ಎಳೆದು ನೋಡಬೇಕು. ಒಂದು ಸರಿಯಾಗಿ ಮುಚ್ಚದೆ ಇರುವುದುಂಟು. ದೂರವಾಣಿಯ ಮೂಲಕವೇ ಬೀಗ ತೆರೆಯುವ ಸೌಕರ್ಯ ಕೆಲವು ಹೊಸ ಕಾರುಗಳಿಗಿದೆ. ಆ ದೂರವಾಣಿಯೂ ಬೀಗದಕೈಯ ಪಕ್ಕದಲ್ಲಿ ಒಳಗೇ ಕುಳಿತಿದ್ದರೆ, ಮನೆಯ ಒಂದು ಸಂಖ್ಯೆಯನ್ನಾದರೂ ಬಾಯಿಪಾಠ ಮಾಡಿಕೊಂಡವನು ಬದುಕಿದನು. ಬಾಯಿಪಾಠವನ್ನು ಹಳಿಯುವುದು ಈಗಿನ ಶಿಕ್ಷಣದ ಶೋಕಿಯಾಗಿದೆಯೆಂದು ಇಲ್ಲಿ ಹೇಳದೆ ಇರಲಾರೆವು. ಗಾಜಿಗೂ ರಬ್ಬರಿಗೂ ನಡುವೆ ಅಡಿಕೋಲು ತೂರಿಸಿ ಬೀಗ ಎಬ್ಬಿಸುವ ಹಳೆಯ ವಿದ್ಯೆಯನ್ನು ಹೊಸ ಕಾರುಗಳ ಮೇಲೆ ಪ್ರಯೋಗಿಸಬಾರದು. ಕಾರ್ಕಳದ ಕಡೆಯ ಒಬ್ಬ ಮೆಕ್ಯಾನಿಕ್ಕು ನಮಗೆ ಹೇಳಿದ ಮಾತಿದು: "ಈಗಿನ ಕಾರಿಗೆ ಅಡಿಕೋಲು ಆಗುವುದಿಲ್ಲ ಮಾಷ್ಟ್ರೇ, ಬಾಗಿಲಿನೊಳಗೆ ವಯರಿನ ಕಾಡೇ ಉಂಟು. ನೀವು ಒಂದು ಬೀಗ ತೆಗೆಯಲು ಹೋಗಿ ನಾಲ್ಕು ಗಾಜು ಏಳದ ಹಾಗೆ ಮಾಡ್ತೀರಿ." ಅವನು ಬಾಗಿಲಿನ ಸಂದಿಗೆ ಸಣ್ಣ ಚೀಲವೊಂದನ್ನು ತೂರಿಸಿ, ಗಾಳಿ ತುಂಬಿ ಸಂದನ್ನು ಹಿಗ್ಗಿಸಿ, ಉದ್ದದ ಕಡ್ಡಿಯಿಂದ ಒಳಗಿನ ಗುಂಡಿಯನ್ನು ಒತ್ತುತ್ತಾನೆ. ಬಣ್ಣಕ್ಕೆ ಗೀರು ಬೀಳದಂತೆ ಅದನ್ನು ಮಾಡಲು ಪಳಗಿದ ಕೈಯೇ ಬೇಕು.

ಕಡೆಯದಾಗಿ ಎರಡನೆಯ ಬೀಗದಕೈಯ ವಿಚಾರ. ಕಾರು ಕೊಂಡಾಗ ಎರಡು ಕೊಡುತ್ತಾರೆ. ಒಂದನ್ನು ಕಾಗದಪತ್ರಗಳೊಡನೆ ಕಾರಿನ ಮುಂದಿನ ಪೆಟ್ಟಿಗೆಯಲ್ಲಿಯೇ ಇಟ್ಟವರು ಇದ್ದಾರೆ! ಎರಡನ್ನೂ ಒಂದೇ ಬಳೆಗೆ ಪೋಣಿಸಿದವರೂ ಇದ್ದಾರೆ. ಅದು ಮನೆಯಲ್ಲಿರಬೇಕು, ಎಲ್ಲಿದೆಯೆಂದು ಮನೆಯಲ್ಲಿ ಇಬ್ಬರಿಗಾದರೂ ತಿಳಿದಿರಬೇಕು. ಉಡುಪಿಯಿಂದ ಕಾರ್ಕಳಕ್ಕೆ ೩೫ ಕಿಲೋಮೀಟರಿಗೂ ಮಿಕ್ಕ ದಾರಿ. ಕಾರ್ಕಳದ ಮನೆಯ ಕಪಾಟಿನಲ್ಲಿರುವುದನ್ನು ಉಡುಪಿಗೆ ತಂದುಕೊಡಲು ಒಬ್ಬರು ಬಸ್ಸು ಹತ್ತಬೇಕಾಗುತ್ತದೆ. ಆದುದರಿಂದ ಮನೆಮಂದಿಯೆಲ್ಲ ಕೂಡಿ ಪ್ರಯಾಣ ಹೊರಡುವಾಗ ಎರಡನೆಯದನ್ನು ಕಾರು ನಡೆಸದ ಒಬ್ಬರು ತಮ್ಮ ಮೈಮೇಲೆಯೇ ಇಟ್ಟುಕೊಳ್ಳುವುದು ಲೇಸು. ಬೀಗದಕೈಗಳೊಡನೆ ಸಂಖ್ಯೆ ಕೊರೆದ ಸಣ್ಣ ಬಿಲ್ಲೆಯೊಂದನ್ನು ಹಲವು ಕಂಪೆನಿಗಳು ಕೊಡುವುದುಂಟು. ಹೊಸ ಬೀಗದಕೈ ಮಾಡಿಸಬೇಕಾದಾಗ ಆ ಸಂಖ್ಯೆಯನ್ನು ಕೇಳುತ್ತಾರೆ. ಅದನ್ನು ಒಂದು ಚೀಟಿಯಲ್ಲಿ ಬರೆದು, ಮನೆಯ ತೆರಿಗೆ ರಶೀದಿಗಳಿರುವ ಕಡತದಲ್ಲಿ ಸೇರಿಸಿಡಿರಿ.